ಇಲಿ ಬಿದ್ದರೆ ಮನೆ ಬಿಡು

ಪ್ಲೇಗು ಬೆಂಗಳೂರಿಗೆ ಬಂದದ್ದು 1898ರ ಆಗಸ್ಟಿನಲ್ಲಿ, ಹುಬ್ಬಳ್ಳಿ ಕಡೆಯಿಂದ, ರೈಲಿನಲ್ಲಿ. ಅದು ಹೇಳದೆ ಕೇಳದೆ ಬಂದದ್ದಲ್ಲ. 1896ರಲ್ಲೇ ಮುಂಬಯಿಯಲ್ಲಿ ಕಾಣಿಸಿಕೊಂಡಿತ್ತು. ಮರುವರ್ಷ ಸಾಂಕ್ರಾಮಿಕ ರೋಗಗಳ ಕಾಯಿದೆಯೂ ಜಾರಿಯಾಗಿತ್ತು. ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಇಳಿಸಿ, ಕಂಕುಳು, ತೊಡೆಸಂದು ಮುಟ್ಟಿ ಗಡ್ಡೆ ಹುಡುಕುತ್ತಿದ್ದರು. ಅನುಮಾನ ಬಂದವರನ್ನು ಕ್ಯಾಂಪಿಗೆ ಹಾಕುತ್ತಿದ್ದರು. ಆದರೂ ಪ್ಲೇಗು ನಿಲ್ಲಲಿಲ್ಲ.

ಕಾವಲಿದ್ದದ್ದು ಮನುಷ್ಯನ ಮೇಲೆ, ರೋಗ ಹೊತ್ತು ತಂದದ್ದು ಇಲಿಯ ಮೈಮೇಲಿನ ಚಿಗಟ. ಕಾಳಿನ ಮೂಟೆಗೆ, ಬಟ್ಟೆಯ ಗಂಟಿಗೆ ಯಾರು ಗಡ್ಡೆ ನೋಡುತ್ತಾರೆ? ಅದೇ 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮಂಡ್ ಎಂಬ ಫ್ರೆಂಚ್ ವೈದ್ಯ ಚಿಗಟದ ಪಾತ್ರವನ್ನು ಪ್ರಯೋಗದಿಂದಲೇ ತೋರಿಸಿದ್ದ. ವೈದ್ಯಲೋಕ ಅದನ್ನು ಒಪ್ಪಲು ವರ್ಷಗಳೇ ಹಿಡಿದವು.

ಬಲವಂತ ಇನ್ನೊಂದು ಕೇಡು ಮಾಡಿತು: ಜನ ರೋಗಿಗಳನ್ನು ಬಚ್ಚಿಟ್ಟರು. ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಕೊಲೆಯಾದ. ನಮ್ಮ ಶ್ರೀರಂಗಪಟ್ಟಣದ ಗಂಜಾಮಿನಲ್ಲೂ ದಂಗೆಯಾಯಿತು. ಮೈಸೂರಿನ ಪ್ಲೇಗ್ ಕಮಿಷನರಾಗಿದ್ದ ವಿ. ಪಿ. ಮಾಧವರಾಯರಂಥ ಸಮರ್ಥರಿಗೂ ಪ್ಲೇಗು ತಡೆಯುವುದು ಸುಲಭದ ಕೆಲಸವಾಗಿರಲಿಲ್ಲ.

ನಿಜಕ್ಕೂ ಜೀವ ಉಳಿಸಿದ ದಿಗ್ಬಂಧನ ತಿರುಗುಮುರುಗಿನದು ಎಂಬುದು ನನ್ನ ನಂಬಿಕೆ. ರೋಗಿಯನ್ನು ಕೂಡಿಹಾಕುವುದಲ್ಲ, ಇದ್ದವರೆಲ್ಲ ಮನೆ ಬಿಡುವುದು. ನನ್ನ ಅಜ್ಜಿ ಹೇಳುತ್ತಿದ್ದಳು: ಅಟ್ಟದಿಂದ ಇಲಿ ಬಿತ್ತೆಂದರೆ ಅಡುಗೆ ಅರ್ಧಕ್ಕೇ ನಿಲ್ಲುತ್ತಿತ್ತು. ಪಾತ್ರೆ, ಹಾಸಿಗೆ, ದನಕರು ಹೊರಡಿಸಿಕೊಂಡು ಊರಾಚೆಯ ಹೊಲದಲ್ಲಿ ಗರಿಯ ಗುಡಿಸಲು ಹಾಕುವುದು. ಊರಿನಲ್ಲಿ ಇಲಿ ಸಾಯುವುದು ನಿಂತ ಮೇಲೇ ಬಾಗಿಲು ತೆಗೆಯುವುದು. ಚಿಗಟದ ಹೆಸರೆತ್ತದೆಯೇ ಅವರು ಚಿಗಟದಿಂದ ದೂರ ಹೋಗಿದ್ದರು. ಇಲಿ ಸತ್ತ ಮೇಲೆ ಹಸಿದ ಚಿಗಟ ಮನುಷ್ಯನನ್ನು ಹುಡುಕುವ ಹೊತ್ತಿಗೆ ಮನೆ ಖಾಲಿ. ಹೊದಿಕೆಯ ಮಡಿಕೆಯಲ್ಲಿ ಒಂದೆರಡು ಚಿಗಟ ಗುಡಿಸಲಿಗೂ ಬಂದದ್ದುಂಟು, ಅಲ್ಲಿಯೂ ಸಾವಾದದ್ದುಂಟು. ಆದರೂ ಅಜ್ಜಿಯ ಮಾತನ್ನು ನಾನು ಸರ್ಕಾರಿ ಕಡತದಷ್ಟೇ ಗೌರವದಿಂದ ಇಟ್ಟುಕೊಂಡಿದ್ದೇನೆ.

ಬೆಂಗಳೂರು ಇದೇ ಉಪಾಯವನ್ನು ಇಟ್ಟಿಗೆ ಗಾರೆಯಲ್ಲಿ ಕಟ್ಟಿಕೊಂಡಿತು. ಇಕ್ಕಟ್ಟಿನ ಪೇಟೆ ಬಿಟ್ಟು ಬಂದವರಿಗೆ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳಲ್ಲಿ ಅಗಲ ಬೀದಿ, ಗಾಳಿ ಬೆಳಕು ಸಿಕ್ಕವು. ಆದರೆ ನಿವೇಶನ ಕೊಳ್ಳುವ ಶಕ್ತಿ ಎಲ್ಲರಿಗೂ ಇರಲಿಲ್ಲ. ದಿನಗೂಲಿಯವನಿಗೆ ಪೇಟೆ ಬಿಡುವುದೆಂದರೆ ಕೂಲಿ ಬಿಡುವುದು. ಅವನು ಅಲ್ಲೇ ಉಳಿದು ಪ್ಲೇಗಿನ ಅಮ್ಮನಿಗೆ ಗುಡಿ ಕಟ್ಟಿ ಹರಕೆ ಹೊತ್ತ.