ಹಿರಿತೆರೆಯ ನಟಿ, ಕಿರುತೆರೆಯ ನಿರ್ದೇಶಕಿ

ಧಾರಾವಾಹಿ ಮುಗಿದಾಗ ತೆರೆಯ ಮೇಲೆ ಸರಿದುಹೋಗುವ ಹೆಸರುಗಳನ್ನು ನೀವು ಓದುತ್ತೀರಾ? ನಟನಟಿಯರು ನಮ್ಮ ನೆನಪಿನಲ್ಲಿ ಉಳಿಯುತ್ತಾರೆ, ನಿರ್ದೇಶಕರು ಉಳಿಯುವುದಿಲ್ಲ. ಐಡಾ ಲುಪಿನೋ ಅವರ ಬದುಕಿನಲ್ಲಿ ಈ ಎರಡೂ ನಡೆದವು.

ಐಡಾ 1918ರಲ್ಲಿ ಲಂಡನ್ನಿನ ಕಲಾವಿದರ ಮನೆತನವೊಂದರಲ್ಲಿ ಜನಿಸಿದರು. ಇಂಗ್ಲೆಂಡಿನ ಚಿತ್ರಗಳಲ್ಲಿ ನಟಿಸಿ, 1930ರ ದಶಕದಲ್ಲಿ ಹಾಲಿವುಡ್‌ಗೆ ಹೋದರು. 1941ರ ‘ಹೈ ಸಿಯೆರಾ’ ಚಿತ್ರದ ಹೊತ್ತಿಗೆ ಅವರು ಹೆಸರಾಂತ ತಾರೆ. ಆದರೆ ಆಗಿನ ನಟರು ಸ್ಟುಡಿಯೋದ ಕರಾರಿಗೆ ಕಟ್ಟುಬಿದ್ದವರು. ಕೊಟ್ಟ ಪಾತ್ರವನ್ನು ನಿರಾಕರಿಸಿದರೆ ಅಮಾನತು, ಸಂಬಳವೂ ಇಲ್ಲ. ಐಡಾ ನಿರಾಕರಿಸಿದರು, ಅಮಾನತಿಗೂ ಒಳಗಾದರು. ಆ ಬಿಡುವನ್ನು ಚಿತ್ರೀಕರಣದ ಕೆಲಸ ಕಲಿಯಲು ಬಳಸಿಕೊಂಡರು.

ಮುಂದೆ ಪತಿ ಕೋಲಿಯರ್ ಯಂಗ್ ಅವರೊಡನೆ ಸ್ವಂತ ನಿರ್ಮಾಣ ಸಂಸ್ಥೆ ಕಟ್ಟಿದರು. 1949ರಲ್ಲಿ ‘ನಾಟ್ ವಾಂಟೆಡ್’ ಚಿತ್ರದ ನಿರ್ದೇಶಕರಿಗೆ ಹೃದಯಾಘಾತವಾದಾಗ ನಿರ್ದೇಶನದ ಹೊಣೆ ಐಡಾ ಅವರ ಮೇಲೆ ಬಿತ್ತು. ಅವಿವಾಹಿತ ತಾಯಿ, ಅತ್ಯಾಚಾರಕ್ಕೊಳಗಾದ ಯುವತಿ ಮುಂತಾಗಿ ಇತರರು ಮುಟ್ಟಲು ಹಿಂಜರಿದ ವಿಷಯಗಳನ್ನು ಅವರ ಚಿತ್ರಗಳು ಎತ್ತಿಕೊಂಡವು. ಬಂಡವಾಳ ಅಲ್ಪವಾದ್ದರಿಂದ ಪ್ರತಿಯೊಂದು ದೃಶ್ಯವನ್ನೂ ಮೊದಲೇ ಯೋಜಿಸಿ ಬೇಗ ಮುಗಿಸಬೇಕಿತ್ತು. 1953ರ ‘ದ ಹಿಚ್-ಹೈಕರ್’ ಇಂದಿಗೂ ಅಧ್ಯಯನದ ವಸ್ತು. ಆದರೆ ಚಿತ್ರ ವಿತರಣೆಗೂ ಕೈಹಾಕಿದ ಸಂಸ್ಥೆ ನಷ್ಟಕ್ಕೊಳಗಾಗಿ, ದಶಕದ ಮಧ್ಯಭಾಗದಲ್ಲಿ ಮುಚ್ಚಿತು.

ಅದೇ ಸಮಯದಲ್ಲಿ ಅಮೆರಿಕದ ಮನೆಮನೆಗೂ ದೂರದರ್ಶನ ಪ್ರವೇಶಿಸಿತ್ತು. ವಾರವಾರವೂ ಹೊಸ ಕಂತು ಬೇಕು. ಕಾಲವೂ ಹಣವೂ ಕಡಿಮೆ. ಬಡ ಚಿತ್ರನಿರ್ಮಾಣ ಕಲಿಸಿದ ಶಿಸ್ತೇ ಇಲ್ಲಿ ಐಡಾ ಅವರ ಕೈಹಿಡಿಯಿತು. ‘ಹ್ಯಾವ್ ಗನ್, ವಿಲ್ ಟ್ರಾವೆಲ್’, ‘ಆಲ್‌ಫ್ರೆಡ್ ಹಿಚ್‌ಕಾಕ್ ಪ್ರೆಸೆಂಟ್ಸ್’, ‘ದ ಫ್ಯುಜಿಟಿವ್’, ‘ಬಿವಿಚ್ಡ್’ ಮೊದಲಾದ ಮಾಲಿಕೆಗಳ ಕಂತುಗಳನ್ನು ಅವರು ನಿರ್ದೇಶಿಸಿದರು. ಕೌಬಾಯ್ ಕಥೆ, ಭಯದ ಕಥೆ, ಹಾಸ್ಯ ಎಲ್ಲವೂ ಅವರಿಗೆ ಒಗ್ಗಿದವು. 1959ರಿಂದ 1964ರವರೆಗೆ ಪ್ರಸಾರವಾದ ‘ದ ಟ್ವೈಲೈಟ್ ಜೋನ್’ ಮಾಲಿಕೆಯ 156 ಕಂತುಗಳಲ್ಲಿ ಮಹಿಳೆಯೊಬ್ಬರು ನಿರ್ದೇಶಿಸಿದ್ದು ಒಂದೇ ಒಂದು: 1964ರ ‘ದ ಮಾಸ್ಕ್ಸ್’. ದುರಾಸೆಯ ಬಂಧುಗಳು ಮುಖವಾಡ ಕಳಚಿದಾಗ ಅವರ ಮುಖಗಳೇ ಮುಖವಾಡದಂತೆ ವಿಕಾರವಾಗಿರುವ ಆ ಕಂತನ್ನು ನಿರ್ದೇಶಿಸಿದವರು ಐಡಾ.

ದೂರದರ್ಶನ ಅವರಿಗೆ ಧಾರಾಳವಾಗಿ ಕೆಲಸ ಕೊಟ್ಟಿತು. ಸಿನಿಮಾ ಮಾತ್ರ, 1953ರ ನಂತರ, ನಿರ್ದೇಶಿಸಲು ಕೊಟ್ಟದ್ದು ಒಂದೇ ಚಿತ್ರ, 1966ರಲ್ಲಿ. ಕಂತುಗಳು ಮಾಲಿಕೆಯ ಹೆಸರಿನಲ್ಲಿ ಪ್ರಸಿದ್ಧವಾದವು. ನಿರ್ದೇಶಕಿಯ ಹೆಸರು ಹಿಂದೆ ಸರಿಯಿತು. 1995ರಲ್ಲಿ ಐಡಾ ತೀರಿಕೊಂಡರು. ಮೂರು ವರ್ಷಗಳ ಬಳಿಕ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ‘ದ ಹಿಚ್-ಹೈಕರ್’ ಸೇರಿತು.

ಮಿತ್ರರೇ, ಕಲೆಯ ಇತಿಹಾಸವನ್ನು ಓದುವಾಗ ಯಾರು ಪ್ರಸಿದ್ಧರಾದರು ಎಂದಷ್ಟೇ ಕೇಳಬೇಡಿ. ಕೆಲಸ ಮಾಡಿದವರು ಯಾರು ಎಂದೂ ಕೇಳಿ.