ಕುಗೆಲ್ಮನ್ ಮನೆಗೆ ಬಂದ ಕಾಗದ

‘ಕಮ್ಯುನಿಸಂ ಬಗ್ಗೆ ಓದಬೇಕು ಸಾರ್, ಎಲ್ಲಿಂದ ಶುರು ಮಾಡಲಿ?’ ಎಂದು ಕೇಳುವ ಹುಡುಗ ಹುಡುಗಿಯರು ಈಗಲೂ ಇದ್ದಾರೆ. ಕೇಳಿದವರಿಗೆ ಹಿರಿಯರೊಬ್ಬರು ‘ಬಂಡವಾಳ’ದ ಮೊದಲ ಸಂಪುಟ ತೋರಿಸುತ್ತಾರೆ, ಇನ್ನೊಬ್ಬರು ‘ಪ್ರಣಾಳಿಕೆ’ ಸಾಕು ಅನ್ನುತ್ತಾರೆ. ನನಗೂ ಹಿಂದೊಮ್ಮೆ ಮೊದಲನೆಯ ಸಲಹೆಯೇ ಸಿಕ್ಕಿತ್ತು. ಸರಕಿನ ಮೌಲ್ಯದ ಮೊದಲ ಅಧ್ಯಾಯದಲ್ಲಿ, ಇಷ್ಟು ಗಜ ಬಟ್ಟೆ ಒಂದು ಕೋಟಿಗೆ ಸಮ ಎಂಬ ಲೆಕ್ಕದ ಹತ್ತಿರ ಪುಸ್ತಕ ಮುಚ್ಚಿಟ್ಟವನು ಎಷ್ಟೋ ವರ್ಷ ತೆರೆಯಲಿಲ್ಲ. ತಪ್ಪು ನನ್ನದೇ ಎಂದುಕೊಂಡಿದ್ದೆ. ಮಾರ್ಕ್ಸ್ ಬರೆದ ಒಂದು ಕಾಗದ ಓದಿದ ಮೇಲೆ ಸಮಾಧಾನವಾಯಿತು.

‘ಬಂಡವಾಳ’ 1867ರ ಸೆಪ್ಟೆಂಬರ್‌ನಲ್ಲಿ ಹ್ಯಾಂಬರ್ಗ್‌ನಲ್ಲಿ ಪ್ರಕಟವಾಯಿತು. ಅದೇ ವರ್ಷದ ವಸಂತದಲ್ಲಿ ಮಾರ್ಕ್ಸ್ ಹ್ಯಾನೋವರ್‌ನ ವೈದ್ಯ ಲುಡ್ವಿಗ್ ಕುಗೆಲ್ಮನ್ ಮನೆಯಲ್ಲಿ ಕೆಲವು ವಾರ ಅತಿಥಿಯಾಗಿದ್ದ, ಕರಡಚ್ಚು ತಿದ್ದಿದ್ದೂ ಅಲ್ಲೇ. ಪುಸ್ತಕ ಬಂದ ಮೇಲೆ, ನವೆಂಬರ್ 30ರಂದು, ಕುಗೆಲ್ಮನ್‌ಗೆ ಬರೆದ ಕಾಗದದಲ್ಲಿ ಆತನ ಪತ್ನಿ ಗೆರ್ಟ್ರೂಡ್ ಹೇಗೆ ಓದಬಹುದು ಎಂದು ಹೇಳುತ್ತಾನೆ. ಮೊದಲಿನಿಂದ ಓದಬೇಕಿಲ್ಲ. ಕೆಲಸದ ದಿನದ ಭಾಗ, ಆಮೇಲೆ ಸಹಕಾರ, ಶ್ರಮವಿಭಜನೆ ಮತ್ತು ಯಂತ್ರಗಳ ಭಾಗ, ಕೊನೆಗೆ ಬಂಡವಾಳದ ಆದಿಮ ಸಂಚಯನದ ಭಾಗ. ಇವು ಆಕೆಗೆ ನೇರವಾಗಿ ಅರ್ಥವಾಗುತ್ತವೆ, ಅಲ್ಲಲ್ಲಿ ತೊಡಕಿನ ಪದ ಬಂದರೆ ನೀನು ವಿವರಿಸು ಎನ್ನುತ್ತಾನೆ. (ಆಕೆ ಗಂಡನಿಗೆ ವಿವರಿಸಬೇಕಾಗಿ ಬರಬಹುದು ಎಂದು ಮಾರ್ಕ್ಸ್‌ಗೆ ಹೊಳೆದಂತಿಲ್ಲ!)

ಕೆಲಸದ ದಿನದ ಅಧ್ಯಾಯ ಇಂಗ್ಲಿಷ್ ಅನುವಾದದಲ್ಲಿ 10ನೆಯದು. ಅದರಲ್ಲಿ ಸೂತ್ರಗಳು ಕಡಿಮೆ, ಮನುಷ್ಯರು ಹೆಚ್ಚು. ಸರಕಾರಿ ಫ್ಯಾಕ್ಟರಿ ಇನ್‌ಸ್ಪೆಕ್ಟರುಗಳ ವರದಿ, ರಾತ್ರಿಯಿಡೀ ಬ್ರೆಡ್ ಸುಡುವ ಕೆಲಸಗಾರರು, ಕುಂಬಾರಿಕೆಯ ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳು. 1863ರ ಜೂನ್‌ನಲ್ಲಿ ಲಂಡನ್ನಿನ ಪತ್ರಿಕೆಗಳಲ್ಲಿ ಬಂದ ಮೇರಿ ಆ್ಯನ್ ವಾಕ್ಲಿಯ ಸಾವೂ ಅಲ್ಲಿದೆ. ಇಪ್ಪತ್ತು ವರ್ಷದ ಹುಡುಗಿ, ಉಡುಪು ಹೊಲಿಯುವವಳು. ಆಗಷ್ಟೇ ಬಂದಿದ್ದ ವೇಲ್ಸ್ ರಾಜಕುಮಾರಿಯ ಗೌರವಾರ್ಥ ನಡೆಯುವ ನೃತ್ಯಕೂಟಕ್ಕೆ ಶ್ರೀಮಂತ ಹೆಂಗಸರ ಉಡುಪು ಸಿದ್ಧವಾಗಬೇಕಿತ್ತು. 26 ಗಂಟೆಗೂ ಮೀರಿ ಬಿಡುವಿಲ್ಲದೆ ಹೊಲಿದು ಕಾಯಿಲೆ ಬಿದ್ದಳು, ತೀರಿಕೊಂಡಳು. ಇದನ್ನು ಓದಿದವನಿಗೆ ಮೌಲ್ಯ ಎಂದರೇನು ಎಂಬ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ. ಆ ಪ್ರಶ್ನೆ ಹುಟ್ಟದೆ ಮೊದಲ ಅಧ್ಯಾಯಕ್ಕೆ ಕೈಹಾಕಿದರೆ ನನಗಾದದ್ದೇ ಆಗುತ್ತದೆ.

ಹೊಸಬರಿಗೆ ಹೇಗೆ ಹೇಳುವುದು ಎಂಬ ತಲೆನೋವು ಅದಕ್ಕೂ ಇಪ್ಪತ್ತು ವರ್ಷ ಹಳೆಯದು. 1847ರಲ್ಲಿ ಕಮ್ಯುನಿಸ್ಟ್ ಲೀಗ್ ತನ್ನ ತತ್ವಗಳ ಒಂದು ಕಿರುಹೊತ್ತಗೆ ಬೇಕೆಂದಾಗ ಎಂಗೆಲ್ಸ್ ಮೊದಲು ಬರೆದದ್ದು ಪ್ರಶ್ನೋತ್ತರ ರೂಪದಲ್ಲಿ. ಚರ್ಚಿನಲ್ಲಿ ಮಕ್ಕಳಿಗೆ ಧರ್ಮಪಾಠ ಹೇಳಿಕೊಡುವ ರೀತಿ ಅದು. ಆ ವರ್ಷದ ಕೊನೆಯ ಹೊತ್ತಿಗೆ 25 ಪ್ರಶ್ನೆಗಳ ‘ಕಮ್ಯುನಿಸಂನ ತತ್ವಗಳು’ ತಯಾರಾಗಿತ್ತು. ಆದರೆ ಎಂಗೆಲ್ಸ್‌ಗೇ ಅದು ಒಗ್ಗಲಿಲ್ಲ. ಈ ರೂಪ ಬಿಟ್ಟುಬಿಡೋಣ, ಇದರಲ್ಲಿ ಇತಿಹಾಸ ಹೇಳಬೇಕಾಗುತ್ತದೆ, ‘ಪ್ರಣಾಳಿಕೆ’ ಎಂದು ಕರೆಯೋಣ ಎಂದು ನವೆಂಬರ್‌ನಲ್ಲಿ ಮಾರ್ಕ್ಸ್‌ಗೆ ಬರೆದ. ಮರುವರ್ಷ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಜರ್ಮನ್ ಭಾಷೆಯಲ್ಲಿ 23 ಪುಟಗಳ ‘ಕಮ್ಯುನಿಸ್ಟ್ ಪ್ರಣಾಳಿಕೆ’ ಬಂತು. ಎಂಗೆಲ್ಸ್‌ನ ಪ್ರಶ್ನೋತ್ತರ ಮಾತ್ರ 1914ರವರೆಗೆ ಅಚ್ಚಾಗಲಿಲ್ಲ.

ಪ್ರಣಾಳಿಕೆಯ ವೇಗ, ಕಾವು ಇಂದಿಗೂ ಆರಿಲ್ಲ. ಆದರೂ ಅದನ್ನು ಮೊದಲ ಪುಸ್ತಕವಾಗಿ ಕೊಡಲು ನಾನು ಹಿಂಜರಿಯುತ್ತೇನೆ. ಮೂರನೆಯ ಭಾಗ 1840ರ ದಶಕದ ಯುರೋಪಿನ ಬೇರೆಬೇರೆ ಸಮಾಜವಾದಿಗಳ ಜತೆಗಿನ ಜಗಳ, ಅವರ ಹೆಸರೇ ಗೊತ್ತಿಲ್ಲದವರಿಗೆ ಅದು ಪಕ್ಕದ ಮನೆಯ ಜಗಳ ಕೇಳಿಸಿಕೊಂಡ ಹಾಗೆ. 1872ರ ಮುನ್ನುಡಿಯಲ್ಲಿ ಲೇಖಕರಿಬ್ಬರೂ ಕೆಲವು ಅಂಶಗಳು ಹಳತಾಗಿವೆ ಎಂದು ಒಪ್ಪಿಕೊಂಡಿದ್ದಾರೆ. ಇದು ಈಗ ಚಾರಿತ್ರಿಕ ದಾಖಲೆ, ತಿದ್ದುವ ಹಕ್ಕು ನಮಗಿಲ್ಲ ಎಂದೂ ಹೇಳಿದ್ದಾರೆ.

ಹೊಸಬರಿಗೆ ನಾನು ಕೊಡುವುದು ‘ಕೂಲಿ ಶ್ರಮ ಮತ್ತು ಬಂಡವಾಳ’. 1847ರ ಡಿಸೆಂಬರ್‌ನಲ್ಲಿ ಬ್ರಸೆಲ್ಸ್‌ನ ಜರ್ಮನ್ ಕಾರ್ಮಿಕರ ಸಂಘದಲ್ಲಿ ಮಾರ್ಕ್ಸ್ ಮಾಡಿದ ಭಾಷಣಗಳು, 1849ರಲ್ಲಿ ಪತ್ರಿಕೆಯಲ್ಲಿ ಬಂದವು. ಎದುರಿಗೆ ಕೂತವರು ದಿನವಿಡೀ ದುಡಿದು ಬಂದವರು. ಹಾಗಾಗಿ ಕೂಲಿ ಎಂದರೇನು ಎಂಬಲ್ಲಿಂದಲೇ ಮಾತು ಶುರು. 1891ರಲ್ಲಿ ಎಂಗೆಲ್ಸ್ ಇದನ್ನು ಮರುಮುದ್ರಿಸುವಾಗ ಒಂದು ಮುಖ್ಯ ತಿದ್ದುಪಡಿ ಮಾಡಿದ: ಕೆಲಸಗಾರ ಮಾರುವುದು ‘ಶ್ರಮ’ವನ್ನು ಎಂದಿದ್ದ ಕಡೆ ‘ಶ್ರಮಶಕ್ತಿ’ಯನ್ನು ಎಂದು ಬದಲಿಸಿದ. ಕೂದಲು ಸೀಳಿದಂತೆ ಕಾಣುತ್ತದೆ, ಆದರೆ ಇಡೀ ಸಿದ್ಧಾಂತ ನಿಂತಿರುವುದು ಇಲ್ಲೇ. ಮಾಡಿದ ಕೆಲಸಕ್ಕೆ ಪೂರ್ತಿ ಬೆಲೆ ಸಿಕ್ಕರೆ ಮಾಲೀಕನಿಗೆ ಲಾಭ ಎಲ್ಲಿಂದ? ಮಾರ್ಕ್ಸ್‌ನ ಉತ್ತರ, ಮಾರಾಟವಾಗುವುದು ಒಂದು ದಿನ ದುಡಿಯುವ ಶಕ್ತಿ. ಅದರ ಬೆಲೆ ದುಡಿಯುವವನ ಸಂಸಾರ ನಡೆಯುವಷ್ಟು. ಆ ಶಕ್ತಿ ದಿನವಿಡೀ ದುಡಿದು ಹುಟ್ಟಿಸುವ ಮೌಲ್ಯ ಅದಕ್ಕಿಂತ ಹೆಚ್ಚು. ನಡುವಿನ ವ್ಯತ್ಯಾಸವೇ ಮಿಗುತಾಯ ಮೌಲ್ಯ. ಇದನ್ನು ಒಪ್ಪಬೇಕಿಲ್ಲ, ಎಷ್ಟೋ ಅರ್ಥಶಾಸ್ತ್ರಜ್ಞರು ಒಪ್ಪಿಲ್ಲ. ಆದರೆ ವಾದ ಯಾವುದರ ಮೇಲೆ ಎಂಬುದು ಮೂವತ್ತು ನಲವತ್ತು ಪುಟದಲ್ಲಿ ತಿಳಿಯುತ್ತದೆ.

ಎಂಗೆಲ್ಸ್‌ನ ‘ಸಮಾಜವಾದ: ಕಾಲ್ಪನಿಕ ಮತ್ತು ವೈಜ್ಞಾನಿಕ’ವೂ (1880) ಒಳ್ಳೆಯದೇ. ದೊಡ್ಡದೊಂದು ವಾದಗ್ರಂಥದ ಮೂರು ಅಧ್ಯಾಯ ತೆಗೆದು ಮಾಡಿದ ಕಿರುಹೊತ್ತಗೆ, ಪ್ರಣಾಳಿಕೆಗಿಂತಲೂ ಹೆಚ್ಚು ಭಾಷೆಗಳಿಗೆ ಹೋಗಿದೆ ಎಂದು 1892ರಲ್ಲಿ ಅವನೇ ಹೆಮ್ಮೆಪಟ್ಟ. ಎಲ್ಲವೂ ಅಚ್ಚುಕಟ್ಟಾಗಿ ಕೂಡಿಬಂದಿರುವುದೇ ಅದರ ತೊಂದರೆ ಎಂದು ನನಗನಿಸುತ್ತದೆ. ಓದಿ ಮುಗಿಸಿದವರಿಗೆ ಕೇಳಲು ಏನೂ ಉಳಿದಿಲ್ಲ ಅನ್ನಿಸಿಬಿಡುತ್ತದೆ.

ಆ ಅಚ್ಚುಕಟ್ಟುತನ ಎಲ್ಲಿಗೆ ಹೋಯಿತು ಎಂಬುದಕ್ಕೆ ರಷ್ಯಾವನ್ನು ನೋಡಬೇಕು. ಪಕ್ಷದ 1919ರ ಕಾರ್ಯಕ್ರಮವನ್ನು ಸಾಮಾನ್ಯರಿಗೆ ವಿವರಿಸಲು ಬುಖಾರಿನ್ ಮತ್ತು ಪ್ರಿಯೊಬ್ರಜೆನ್‌ಸ್ಕಿ ಸೇರಿ ‘ಕಮ್ಯುನಿಸಂನ ಎಬಿಸಿ’ ಬರೆದರು. ಅಂತರ್ಯುದ್ಧದ ಹಸಿವಿನ ನಡುವೆ ಬರೆದ, ಭರವಸೆ ತುಳುಕುವ ಪುಸ್ತಕ. ಹಲವು ಭಾಷೆಗಳಿಗೆ ಹೋಯಿತು, ಲಕ್ಷಾಂತರ ಜನ ಅದರಿಂದಲೇ ಅಕ್ಷರಾಭ್ಯಾಸ ಮಾಡಿದರು. ಪ್ರಿಯೊಬ್ರಜೆನ್‌ಸ್ಕಿಯನ್ನು 1937ರಲ್ಲಿ ಗುಂಡಿಟ್ಟು ಕೊಂದರು, ಬುಖಾರಿನ್‌ನನ್ನು 1938ರ ಮಾರ್ಚ್‌ನಲ್ಲಿ. ಅದೇ ವರ್ಷ ಸ್ತಾಲಿನ್ ಮೇಲ್ವಿಚಾರಣೆಯಲ್ಲಿ ಪಕ್ಷದ ಚರಿತ್ರೆಯ ‘ಸಂಕ್ಷಿಪ್ತ ಪಾಠ’ ಹೊರಬಂತು. ಪಾಠಪುಸ್ತಕ ಬರೆದವರೇ ಹೊಸ ಪಾಠಪುಸ್ತಕದಲ್ಲಿ ದ್ರೋಹಿಗಳಾಗಿದ್ದರು. ಶಾಲೆ, ಕಾರ್ಖಾನೆ, ಸೇನೆ ಎಲ್ಲೆಡೆ ಅದನ್ನು ಓದಿಸಿದರು. ಎಂಗೆಲ್ಸ್ ಬಿಟ್ಟುಕೊಟ್ಟಿದ್ದ ಧರ್ಮಪಾಠ ಬೇರೆ ವೇಷದಲ್ಲಿ ಮರಳಿತ್ತು.

ಹಾಗಾಗಿ ಕೇಳಿದವರಿಗೆ ನಾನೀಗ ಬ್ರಸೆಲ್ಸ್ ಭಾಷಣದ ಕಿರುಹೊತ್ತಗೆಯ ಜತೆಗೆ 10ನೆಯ ಅಧ್ಯಾಯದ ಜೆರಾಕ್ಸ್ ಕೊಡುತ್ತೇನೆ. ‘ಎಬಿಸಿ’ಯನ್ನೂ ಓದಿ ಎನ್ನುತ್ತೇನೆ, ಆದರೆ ಅದನ್ನು ಬರೆದವರಿಗೆ ಏನಾಯಿತು ಎಂದು ತಿಳಿದುಕೊಂಡ ಮೇಲೆ. ಹೋದ ತಿಂಗಳು ಜೆರಾಕ್ಸ್ ಒಯ್ದ ಹುಡುಗಿ ವಾಪಸು ಬಂದು ಕೇಳಿದ್ದು ಮಾರ್ಕ್ಸ್ ಬಗ್ಗೆ ಅಲ್ಲ: ‘ಆ ಹೊಲಿಗೆಯವಳ ಜತೆ ಕೂತು ಹೊಲಿಯುತ್ತಿದ್ದರಲ್ಲ ಸಾರ್, ಉಳಿದವರು, ಅವರು ಮಾರನೆಯ ದಿನ ಎಷ್ಟು ಗಂಟೆಗೆ ಕೆಲಸಕ್ಕೆ ಬಂದರು?’