ಗಡಿಸೀಮೆಯ ಮೆನ್ನೊನೈಟ್ ಸಭೆಗಳು: ವ್ಯಕ್ತಿಯ ಅರಿಕೆ ಮತ್ತು ಕೇರಿಯ ತೀರ್ಮಾನ

ಕರ್ನಾಟಕದ ಸಭಾಚರಿತ್ರೆಯನ್ನು ಬರೆದವರು ಮಂಗಳೂರಿನ ಬಾಸೆಲ್ ಮಿಷನ್ನನ್ನೂ ಮೈಸೂರು ಸೀಮೆಯ ವೆಸ್ಲಿಯನ್ನರನ್ನೂ ಕುರಿತು ವಿಸ್ತಾರವಾಗಿ ಹೇಳಿದ್ದಾರೆ. ಮೆನ್ನೊನೈಟರ ಹೆಸರು ಅಲ್ಲಿ ಬರುವುದು ಅಪರೂಪ. 1956ರ ರಾಜ್ಯಗಡಿಯೂ ಇದಕ್ಕೆ ಒಂದು ಕಾರಣ. ಮೆನ್ನೊನೈಟ್ ಬ್ರದರನ್ ಮಿಷನ್ ಸೇವೆ ನಡೆಸಿದ ಗದ್ವಾಲ ತಾಲ್ಲೂಕು ಅಲ್ಲಿಯವರೆಗೆ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಗೆ ಸೇರಿತ್ತು. ಪುನರ್ವಿಂಗಡಣೆಯಲ್ಲಿ ಅದು ಮೆಹಬೂಬ್‌ನಗರ ಜಿಲ್ಲೆಗೆ ಹೋಯಿತು. ಅದರೊಡನೆ ಅಲ್ಲಿನ ಪುಟ್ಟ ಹಳ್ಳಿಸಭೆಗಳೂ ನಮ್ಮ ದೃಷ್ಟಿಯಿಂದ ಮರೆಯಾದವು.

ಈ ಸಭೆಗಳ ಬೇರು ದಕ್ಷಿಣ ರಷ್ಯದ, ಅಂದರೆ ಇಂದಿನ ಉಕ್ರೇನಿನ, ಜರ್ಮನ್ ಭಾಷಿಕ ರೈತವಸತಿಗಳಲ್ಲಿದೆ. 1525ರಲ್ಲಿ ಜೂರಿಚ್‌ನಲ್ಲಿ ಆರಂಭವಾದ ಅನಾಬ್ಯಾಪ್ಟಿಸ್ಟ್ ಚಳವಳಿ ಶಿಶು ದೀಕ್ಷಾಸ್ನಾನವನ್ನು ತಿರಸ್ಕರಿಸಿ, ಸ್ವಂತ ಬಾಯಿಂದ ವಿಶ್ವಾಸವನ್ನು ಅರಿಕೆಮಾಡಿದವನೇ ಸಭೆಯ ಅಂಗವೆಂದು ಬೋಧಿಸಿತು. ಮೂರು ಶತಮಾನಗಳು ಕಳೆಯುವಷ್ಟರಲ್ಲಿ ಅವರ ವಂಶಜರಲ್ಲಿಯೇ ದೀಕ್ಷಾಸ್ನಾನವು ವಯಸ್ಸಿಗೆ ಬಂದವರಿಗೆಲ್ಲ ನಡೆಯುವ ವಾಡಿಕೆಯಾಗಿತ್ತು. ಸಭೆ ಎಂದರೆ ಹುಟ್ಟಿನಿಂದ ಬರುವ ಜನಾಂಗವಾಗಿತ್ತು. 1860ರ ಜನವರಿಯಲ್ಲಿ ಮೊಲೊಚ್ನಾ ವಸತಿಯ ಹದಿನೆಂಟು ಕುಟುಂಬಗಳ ಯಜಮಾನರು ಇದನ್ನು ಪ್ರತಿಭಟಿಸಿ ಪ್ರತ್ಯೇಕವಾದರು. ಅವರೇ ಮೆನ್ನೊನೈಟ್ ಬ್ರದರನ್. ಪ್ರತಿಭಟನೆಗೆ ಸಹಿ ಹಾಕಿದವರೂ ಮನೆಯ ಯಜಮಾನರೇ ಆಗಿದ್ದರೆಂಬುದನ್ನು ಓದುಗರು ಮನಸ್ಸಿನಲ್ಲಿಡಬೇಕು.

ಅವರಲ್ಲಿ ಅಬ್ರಹಾಂ ಫ್ರೀಸೆನ್ ಮತ್ತು ಮರಿಯ ದಂಪತಿಗಳು 1889ರಲ್ಲಿ ಹೊರಟು ಬಂದು ನಲ್ಗೊಂಡದಲ್ಲಿ ನೆಲೆಸಿದರು. ಅವರು ಸೇವೆಮಾಡಿದ್ದು ಅಮೆರಿಕನ್ ಬ್ಯಾಪ್ಟಿಸ್ಟರ ತೆಲುಗು ಮಿಷನ್ನಿನೊಡನೆ ಸೇರಿ. 1878ರ ಜುಲೈ 3ರಂದು, ಮಹಾಕ್ಷಾಮದ ಬೆನ್ನಿಗೇ, ಒಂದೇ ದಿನ 2,222 ಮಂದಿಗೆ ದೀಕ್ಷಾಸ್ನಾನ ಕೊಟ್ಟ ಒಂಗೋಲು ಆ ಮಿಷನ್ನಿಗೆ ಸೇರಿದ್ದು! ಒಬ್ಬೊಬ್ಬರ ಅರಿಕೆಗಾಗಿ ಪ್ರತ್ಯೇಕವಾದವರು ಇಂಥ ಸಾಮೂಹಿಕ ಚಳವಳಿಯ ನೆರೆಯಲ್ಲಿ ಕೆಲಸಕ್ಕಿಳಿದರು. 1899ರಿಂದ ಅಮೆರಿಕದ ಬ್ರದರನ್ ಮಿಷನರಿಗಳೂ ಬಂದರು. ನಾಗರಕರ್ನೂಲು, ದೇವರಕೊಂಡ, ವನಪರ್ತಿ, ಶಂಷಾಬಾದ್ ಅವರ ಕೇಂದ್ರಗಳಾದವು. ಗದ್ವಾಲ ಬ್ಯಾಪ್ಟಿಸ್ಟರಿಂದ ಅವರ ಕೈಸೇರಿದ್ದು 1930ರ ದಶಕದಲ್ಲಿ.

ಹಳ್ಳಿಗಳಲ್ಲಿ ಸುವಾರ್ತೆಯನ್ನು ಸ್ವೀಕರಿಸಿದವರು ಬಹುಮಟ್ಟಿಗೆ ಮಾಲ ಮತ್ತು ಮಾದಿಗ ಸಮುದಾಯದವರು. ಗದ್ವಾಲ, ವನಪರ್ತಿಗಳು ಸಂಸ್ಥಾನಗಳು. ಬಿಟ್ಟಿ ಚಾಕರಿಯ ನೊಗ ಈ ಜನರ ಹೆಗಲ ಮೇಲಿತ್ತು. ಕೂಲಿ, ಮದುವೆ, ಹಬ್ಬ, ಸಾವು ಎಲ್ಲವೂ ಕೇರಿಯ ಒಟ್ಟು ಬದುಕಿಗೆ ಹೆಣೆದುಕೊಂಡಿದ್ದ ಕಡೆ, ಒಬ್ಬನು ಒಂಟಿಯಾಗಿ ತೀರ್ಮಾನಿಸುವುದೆಂದರೆ ಹೆಣ್ಣು ಕೊಡುವವರನ್ನೂ ಹೆಣ ಹೊರುವವರನ್ನೂ ಕಳೆದುಕೊಂಡಂತೆ. ಆದ್ದರಿಂದ ಹಿರಿಯರು ಕುಳಿತು ಮಾತನಾಡಿ, ಮನೆಗಳು ಕೂಡಿಬರುತ್ತಿದ್ದವು. ಇದನ್ನು ದುರ್ಬಲ ವಿಶ್ವಾಸವೆಂದು ಕರೆಯುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಅಪೊಸ್ತಲರ ಕೃತ್ಯಗಳು 16ರಲ್ಲಿ ಲುದ್ಯಳೂ ಸೆರೆಮನೆಯ ಯಜಮಾನನೂ ತಮ್ಮ ಮನೆಯವರ ಸಹಿತವಾಗಿಯೇ ದೀಕ್ಷಾಸ್ನಾನ ಹೊಂದಿದರು. ಸಂಬಳದ ಉಪದೇಶಿಗಳೂ ಶಾಲೆಗಳೂ ಹೊರಗಿನ ಹಣವನ್ನೇ ನೆಚ್ಚುವಂತಾದದ್ದು ಇದಕ್ಕಿಂತ ದೊಡ್ಡ ದೌರ್ಬಲ್ಯ.

ಈ ಪ್ರಶ್ನೆಯನ್ನು ದೈವಶಾಸ್ತ್ರದ ನೆಲೆಗೆ ತಂದವರು ಪಾಲ್ ಹೀಬರ್ಟ್. 1932ರಲ್ಲಿ ಹುಟ್ಟಿದ ಅವರು ಈ ಮಿಷನ್ನಿನ ಮನೆಯಲ್ಲೇ ಬೆಳೆದವರು. 1960ರ ದಶಕದಲ್ಲಿ ಮೆಹಬೂಬ್‌ನಗರದಲ್ಲಿ ಸೇವೆಮಾಡಿದವರು. ‘ಕೊಂಡೂರು’ ಎಂಬ ಗ್ರಂಥದಲ್ಲಿ ಇಲ್ಲಿನ ಒಂದು ಹಳ್ಳಿಯ ಸಮಾಜರಚನೆಯನ್ನು ವಿವರಿಸಿದವರು. 1978ರ ಲೇಖನವೊಂದರಲ್ಲಿ ಅವರು ಪಾಪಯ್ಯ ಎಂಬ ಕಲ್ಪಿತ ರೈತನನ್ನು ನಮ್ಮ ಮುಂದೆ ನಿಲ್ಲಿಸುತ್ತಾರೆ. ಅಕ್ಷರ ಬಾರದ ಪಾಪಯ್ಯನು ಒಂದೇ ಸಲ ಸುವಾರ್ತೆ ಕೇಳಿ ಕ್ರೈಸ್ತನಾಗಬಲ್ಲನೇ? ಬೇಲಿ ಹಾಕಿ ಒಳಗಿನವರು ಯಾರು, ಹೊರಗಿನವರು ಯಾರೆಂದು ಎಣಿಸುವ ಸಭೆ ಒಂದು ಬಗೆ. ಕ್ರಿಸ್ತನನ್ನು ನಡುವೆ ಇಟ್ಟು, ಯಾರು ಆತನ ಕಡೆಗೆ ತಿರುಗಿದ್ದಾರೆಂದು ನೋಡುವ ಸಭೆ ಮತ್ತೊಂದು. ಹೀಬರ್ಟ್ ಎರಡನೆಯದರ ಪಕ್ಷ ವಹಿಸಿದರು.

ಆದರೆ ಸರ್ಕಾರವು ಬೇಲಿಯನ್ನೇ ನೋಡುತ್ತದೆ. 1950ರ ಸಾಂವಿಧಾನಿಕ ಆದೇಶದ ಮೂರನೆಯ ಪರಿಚ್ಛೇದವು ಪರಿಶಿಷ್ಟ ಜಾತಿಯ ಸ್ಥಾನಮಾನವನ್ನು ಹಿಂದೂಗಳಿಗೆ ಮೀಸಲಿಟ್ಟಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ದೊರೆಯಿತು, ಕ್ರೈಸ್ತರಿಗೆ ದೊರೆಯಲಿಲ್ಲ. ತೆಲುಗು ರಾಜ್ಯಗಳಲ್ಲಿ ಮತಾಂತರಿತ ದಲಿತರು ಹಿಂದುಳಿದ ವರ್ಗಗಳ ‘ಸಿ’ ಗುಂಪಿಗೆ ಸೇರುತ್ತಾರೆ. ಅದರ ಪಾಲು ಶೇಕಡಾ 1. ಹೀಗೆ ಕೆರೆಯ ನೀರಿನಲ್ಲಿ ಮುಳುಗಿ ಎದ್ದ ಅರಿಕೆಯು ಕಂದಾಯ ಕಚೇರಿಯ ಜಾತಿ ಪ್ರಮಾಣಪತ್ರಕ್ಕೆ ಎದುರಾಗಿ ನಿಂತಿತು. ಸ್ವತಂತ್ರವಾಗಿ, ಬಹಿರಂಗವಾಗಿ ಅರಿಕೆಮಾಡಬೇಕೆಂಬುದೇ ಅನಾಬ್ಯಾಪ್ಟಿಸ್ಟರ ಪ್ರಾಣತತ್ತ್ವ. ಆ ಅರಿಕೆಗೆ ಮಕ್ಕಳ ವಿದ್ಯಾರ್ಥಿವೇತನ ಬೆಲೆಯಾಗುವಾಗ, ಪ್ರತಿ ಭಾನುವಾರ ಚಾಪೆಯ ಮೇಲೆ ಕುಳಿತು ಆರಾಧಿಸಿಯೂ ಹೆಸರು ಬರೆಸದವನನ್ನು ಸಭಾಪಾಲಕನು ಕರ್ತನ ಭೋಜನಕ್ಕೆ ಕರೆಯಬೇಕೋ ಬೇಡವೋ? ಹಳ್ಳಿಸಭೆಯ ಹಿರಿಯರು ಇದನ್ನು ಇಂದಿಗೂ ಒಂದೊಂದು ಮನೆಯ ವಿಷಯದಲ್ಲಿ ಬೇರೆಬೇರೆಯಾಗಿಯೇ ತೀರ್ಮಾನಿಸಬೇಕಾಗಿದೆ.